ಹನುಮವ್ವನ ಬೂದಿ ಡಬ್ಬಿ

ಮನಸ್ಸು ಒಂದು ಕಡೆ ನಿಲ್ಲಲಿ ಎಂದು ಗಾಜಿನ ಮಣಿ ಮಾಡುವುದನ್ನು ಕಲಿಯಲು ಸೇರಿದವನು ನಾನು. ವಿಕ್ರೋಳಿಯ ಆಫೀಸಿನಲ್ಲಿ ವಾರಕ್ಕೆ ಆರು ದಿನ ಬೇರೆಯವರ ಮೇಲ್‌ಗಳಿಗೆ 'ನೋಡಿದೆ' ಎಂದು ಉತ್ತರಿಸುವುದೇ ನನ್ನ ಸಂಬಳದ ಕೆಲಸ. ಭಾನುವಾರ ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಾಧನಾ ಮೇಡಂ ನಡೆಸುವ ಮಣಿಕೂಟ. ಒಂಬತ್ತು ಜನ ಸೇರುತ್ತೇವೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಂದು ಕೈಚಳಕವನ್ನು ಉಳಿದವರಿಗೆ ತೋರಿಸಬೇಕು. ನಾಲ್ಕು ತಿಂಗಳಲ್ಲಿ ನಾನು ತೋರಿಸಿದ್ದು ಸುಟ್ಟ ಹೆಬ್ಬೆರಳು ಮಾತ್ರ.

ಆ ಭಾನುವಾರ ಹನುಮವ್ವನನ್ನು ಕರೆಸಿದ್ದರು. ಶಹಾಪುರದ ಕಡೆಯವರು. ಮದುವೆಯಾಗಿ ಧಾರಾವಿಗೆ ಬಂದ ಹೊಸತರಲ್ಲಿ ಒಂದು ಕಾರ್ಖಾನೆಯಲ್ಲಿ ಮಣಿ ಪೋಣಿಸುತ್ತಿದ್ದರಂತೆ. ಒಂದು ದಿನ ಬರ್ನರಿನ ಮುಂದೆ ಗಾಜು ಕರಗಿಸುವವನು ರಜೆ ಹಾಕಿದಾಗ ಅವನ ಸ್ಟೂಲಿನ ಮೇಲೆ ಕುಳಿತವರು ಇಪ್ಪತ್ತೆರಡು ವರ್ಷ ಏಳಲಿಲ್ಲ. ಈಗ ಆ ಕಾರ್ಖಾನೆ ಮುಂದಿನ ತಿಂಗಳು ಭಿವಂಡಿಗೆ ಹೋಗುತ್ತದೆ. ಗಂಡ ಭೀಮರಾಯ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಹಿಡಿದುಕೊಂಡು ಮನೆಯಲ್ಲಿದ್ದಾರೆ. ಅವರನ್ನು ಬಿಟ್ಟು ಇವರು ದಿನಾ ಅಷ್ಟು ದೂರ ಹೋಗುವಂತಿಲ್ಲ. ಸಾಧನಾ ಮೇಡಂಗೆ ವಾರದ ಉಳಿದ ದಿನಗಳ ತರಗತಿಗೆ ಕಲಿಸುವವರೊಬ್ಬರು ಬೇಕಿತ್ತು. "ಒಂದು ಮಣಿ ಮಾಡಿ ತೋರಿಸಲಿ, ಆಮೇಲೆ ನೋಡೋಣ" ಎಂದಿದ್ದರು.

ಜ್ವಾಲೆ ಅಲುಗಬಾರದೆಂದು ಫ್ಯಾನ್ ಆರಿಸಿದ್ದರು. ನಾವೆಲ್ಲ ಬೆವರುತ್ತ ಸುತ್ತ ನಿಂತೆವು. ಹನುಮವ್ವ ಜೇಡಿ ಬಳಿದ ಕಂಬಿಯ ತುದಿಗೆ ಕಪ್ಪು ಬಳೆಗಾಜನ್ನು ಕರಗಿಸಿ ಸುತ್ತಿದರು. ಪಕ್ಕದ ಬರ್ನರಿನಲ್ಲಿ ನಾನೂ ಹಾಗೇ ಮಾಡಹೋಗಿ ಗಾಜನ್ನು ಒತ್ತುತ್ತಿದ್ದೆ.

"ತಮ್ಮಾ, ಅದರ ಕೂಡ ಕುಸ್ತಿ ಹಿಡದೀಯೇನು? ಕಾಯ್ಲಿ ಬಿಡು, ತಾನs ಬರ್ತದ," ಎಂದರು ಹನುಮವ್ವ.

ಕಪ್ಪು ಮಣಿಯ ಮೇಲೆ ಏಳು ಬಿಳಿ ಚುಕ್ಕೆ ಕುಳಿತವು, ಒಂದರಂತೆ ಒಂದು. ಕಂಬಿ ಸಮೇತ ಅದನ್ನು ಬಿಸಿ ಬೂದಿಯ ಡಬ್ಬಿಯಲ್ಲಿ ಹೂತು ಹೇಳಿದರು: "ಒಂದ್ ತಾಸು ಯಾರೂ ಮುಟ್ಟಬ್ಯಾಡ್ರಿ. ನಿಧಾನಕ್ಕ ಆರಬೇಕು."

ಒಂದು ತಾಸು! ಲೋಕಲ್ ನಾಲ್ಕು ನಿಮಿಷ ತಡವಾದರೆ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆಯುವವನು ನಾನು. ಎಲ್ಲರೂ ಚಹಾಕ್ಕೆ ಇಳಿದರು. ನಾನು ಅರ್ಧ ಮೆಟ್ಟಿಲಿಳಿದು ವಾಪಸು ಬಂದೆ. ಒಂದೇ ಒಂದು ಫೋಟೋ. ಕಂಬಿ ಹಿಡಿದು ಎತ್ತಿದೆ. ಫೋಟೋ ಚೆನ್ನಾಗಿ ಬಂತು. ಮರುಕ್ಷಣ 'ಟಿಕ್' ಎಂದಿತು, ಉಗುರು ಕತ್ತರಿಸಿದಷ್ಟೇ ಸದ್ದು. ಮಣಿಯನ್ನು ಮತ್ತೆ ಹೂತು, ಬೂದಿಯನ್ನು ನೀಟಾಗಿ ಸವರಿ, ಕೆಳಗಿಳಿದು ಚಹಾ ಕುಡಿದೆ. ನಾಲಿಗೆ ಸುಟ್ಟುಕೊಂಡೆ.

ತಾಸಿನ ನಂತರ ಡಬ್ಬಿಯಿಂದ ಹೊರಬಂದದ್ದು ಎರಡು ಹೋಳು.

"ಬಳೆ ಗಾಜು ಅಲ್ವಾ ಮೌಶಿ, ಅದಕ್ಕೇ," ಎಂದರು ಸಾಧನಾ ಮೇಡಂ ಹನುಮವ್ವನಿಗೆ. "ಕಲಿಯೋರ ಮುಂದೆ ಹೀಗೆ ಒಡೆದ್ರೆ ಮುಶ್ಕಿಲ್ ಆಗತ್ತೆ."

ಹನುಮವ್ವ ಒಂದು ಹೋಳನ್ನು ಬೆಳಕಿಗೆ ಹಿಡಿದರು. "ಗಾಜಿಂದು ತಪ್ಪಲ್ಲರೀ ಮೇಡಂ. ಇದಕ್ಕ ಥಂಡಿ ಬಡದದ." ಅಷ್ಟು ಹೇಳಿ ತಮ್ಮ ಚೀಲ ಎತ್ತಿಕೊಂಡರು.

ಬಾಯಿ ಬಿಟ್ಟರೆ ನನ್ನನ್ನು ಕೂಟದಿಂದ ಓಡಿಸುತ್ತಾರೆ. ಅದರಿಂದ ಮಣಿಲೋಕಕ್ಕೇನೂ ನಷ್ಟವಿರಲಿಲ್ಲ. ಆದರೂ ಈ ಲೆಕ್ಕ ಮುಗಿಸುವಷ್ಟರಲ್ಲಿ ಹನುಮವ್ವ ಬಾಗಿಲು ಮುಟ್ಟಿದ್ದರು.

"ನಾನೇ ತೆಗೆದೆ," ಎಂದೆ. "ಫೋಟೋಗೆ."

"ವಸಿಷ್ಠ!" ಎಂದರು ಮೇಡಂ. ಹಿಂದೆ ನಿಂತಿದ್ದ ಕೂಟದ ವೈಶಾಲಿ ಕಿಸಕ್ಕನೆ ನಕ್ಕಳು.

ಹನುಮವ್ವ ತಿರುಗಿದರು. "ಗೊತ್ತಾಗಿತ್ತು ಬಿಡು. ಬೂದಿ ಅಂಗಳ ಸಾರಿಸಿದಂಗ ಇತ್ತು. ನಾ ಯಾವಾಗ ಹಂಗ ಇಟ್ಟೀನಿ? ಹೇಳ್ತೀಯೋ ಇಲ್ಲೋ ನೋಡ್ಲಾಕತ್ತಿದ್ದೆ."

"ಮತ್ತೆ ನೀವೇ ಯಾಕೆ ಹೇಳಲಿಲ್ಲ?"

"ಹೊಸಾಕಿ ಮಾತು ಯಾರು ನಂಬ್ತಾರ?"

ಮೇಡಂ ಮತ್ತೆ ಬರ್ನರ್ ಹಚ್ಚಿದರು. ಹನುಮವ್ವನ ಎರಡನೇ ಮಣಿ ಆಯಿತು. ಈ ಸಲ ಡಬ್ಬಿಯ ಮುಂದೆ ನನ್ನನ್ನೇ ಕೂರಿಸಿದರು, ಕೈಯೆರಡೂ ತೊಡೆಯ ಕೆಳಗೆ. ಜೇಬಿನಲ್ಲಿ ಫೋನು ಹನ್ನೊಂದು ಸಲ ನಡುಗಿತು. ನನ್ನ ಮೊಣಕಾಲು ಅದಕ್ಕಿಂತ ಹೆಚ್ಚು.

"ಕಾಲು ಕುಣಸಬ್ಯಾಡೋ, ಟೇಬಲ್ ಅಲುಗ್ತದ!"

ಮಣಿ ಇಡಿಯಾಗಿ ಬಂತು. ಸಾಧನಾ ಮೇಡಂ ಅದನ್ನು ಅಂಗೈಯಲ್ಲಿ ಹೊರಳಿಸಿ, ಉಗುರಿನಿಂದ ತಟ್ಟಿ ನೋಡಿದರು. "ವಾರಕ್ಕೆ ನಾಲ್ಕು ದಿನ ಬರ್ತೀರಾ ಮೌಶಿ? ಮಧ್ಯಾಹ್ನ ಎರಡಕ್ಕೆ ಬಿಡ್ತೀನಿ."

"ಬರ್ತೀನಿ. ಆದ್ರ ಡಬ್ಬಿಗೊಂದು ಕೀಲಿ ಬೇಕು."

ಎಲ್ಲರೂ ನನ್ನತ್ತ ನೋಡಿದರು. ಬೀಗ ತರಲು ನಾನೇ ಓಡಿದೆ. ಅಂಗಡಿಯವನು ಒಂದು ಬೀಗಕ್ಕೆ ಎರಡು ಕೀಲಿಕೈ ಕೊಟ್ಟ. ಹನುಮವ್ವ ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡರು.