ಅರಮಂಡಿಯ ಅಳತೆ

ಹೋದ ಶುಕ್ರವಾರ ದೇಶಪಾಂಡೆ ನಗರದ ನನ್ನ ಹೊಲಿಗೆ ಅಂಗಡಿಯಲ್ಲಿ, ಅರವತ್ತು ದಾಟಿದ ನಾನು ಅರಮಂಡಿ ಕೂತೆ. ಹಿಮ್ಮಡಿ ಜೋಡಿಸಿ, ಮೊಣಕಾಲನ್ನು ಎರಡೂ ಪಕ್ಕಕ್ಕೆ ಅಗಲಿಸಿ ಅರ್ಧ ಕೂರುತ್ತಾರಲ್ಲ, ಭರತನಾಟ್ಯದವರು, ಅದು. (ನಗಬೇಡಿ. ನಿಮ್ಮೆಲ್ಲರ ಪಾಲಿನ ನಗುವನ್ನೂ ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.) ಅರ್ಧಕ್ಕೇ ಪ್ಯಾಂಟ್ ತೊಡೆಗೆ ಕಚ್ಚಿಕೊಂಡಿತು. ಆಮೇಲೆ ಬುದ್ಧಿ ಬಂತು.

ನಡೆದದ್ದು ಇಷ್ಟು. ಅಮ್ಮಿನಬಾವಿಯಲ್ಲಿ ಗಣಿತ ಕಲಿಸುವ ಟೀಚರ್ ಒಬ್ಬರಿದ್ದಾರೆ. ವಯಸ್ಸು ನಲವತ್ತಾರು. ಚಿಕ್ಕಂದಿನಲ್ಲಿ ಕಲಿಯಲಾಗದ ನೃತ್ಯವನ್ನು ಆರು ವರ್ಷ ಬಸ್ಸಿನಲ್ಲಿ ಧಾರವಾಡಕ್ಕೆ ಓಡಾಡಿ ಕಲಿತವರು. ಭಾನುವಾರ ಮೊದಲ ಸಲ ಸ್ಟೇಜ್ ಹತ್ತುವವರಿದ್ದರು. ಡ್ರೆಸ್ಸಿಗೆಂದು ತೀರಿಹೋದ ತಾಯಿಯ ರೇಷ್ಮೆ ಸೀರೆ ತಂದುಕೊಟ್ಟಿದ್ದರು.

ನಾನು ಅದಕ್ಕೆ ಮುಂಚೆ ಭರತನಾಟ್ಯದ ಡ್ರೆಸ್ ಹೊಲಿದವನಲ್ಲ. ಹಾಗಂತ ಬಾಯಿಬಿಟ್ಟು ಹೇಳಿದೆನೇ? ಇಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಷೀನಿಗೆ ಕೂತ ಕೈ ಇದು. ಬರುವುದಿಲ್ಲ ಅನ್ನುವುದು ಹೇಗೆ? ಫೋಟೋ ನೋಡಿ, ಪೈಜಾಮದ ಹಾಗೆ ಎರಡು ಕಾಲು ಬರುವಂತೆ ಕತ್ತರಿಸಿದೆ. ಮುಂದುಗಡೆಯ ಬೀಸಣಿಗೆಯಂಥ ನಿರಿಗೆಗಳು ಕದಲಬಾರದೆಂದು ಮೊಣಕಾಲಿನ ತನಕ ಒಳಗಿನಿಂದ ಹೊಲಿಗೆ ಹಾಕಿದೆ. ಹ್ಯಾಂಗರಿನಲ್ಲಿ ನೋಡಬೇಕಿತ್ತು ನೀವು ಅದನ್ನು!

ಶುಕ್ರವಾರ ಟ್ರಯಲ್. ನಿಂತರೆ ಚೆಂದ. ಕೂರಲು ಹೋದರೆ ಗೇಣು ಇಳಿಯುವಷ್ಟರಲ್ಲಿ ಬಟ್ಟೆ ಬಿಗಿಯಿತು. ಟೀಚರ್ ಎರಡು ಸಲ ಕೂತು ನೋಡಿದರು. ಮೂರನೇ ಸಲ ಕನ್ನಡಿಗೆ ಬೆನ್ನು ಮಾಡಿ ನಿಂತರು.

"ನೀವು ಛಲೋನ ಹೊಲದೀರಿ ಕಾಕಾ. ನನ್ನ ಮೈನ ದಪ್ಪ ಆಗೇತಿ. ಈ ವಯಸ್ಸಿನ್ಯಾಗ ಇದೆಲ್ಲಾ ಬ್ಯಾಡ ಅಂತ ಮನ್ಯಾಗೂ ಹೇಳಿದ್ರು. ಗುರುಗಳಿಗೆ ಫೋನ್ ಮಾಡಿ ನನ್ನ ಹೆಸರು ತಗೀರಿ ಅಂತ ಹೇಳ್ತೇನಿ."

ನನಗೆ 'ಛಲೋನ ಹೊಲದೀರಿ' ಅಂದದ್ದಷ್ಟೇ ಕೇಳಿಸಿತು ನೋಡಿ. ತಪ್ಪು ಬೇರೆಯವರದು ಅಂದರೆ ನಾವು ಎಷ್ಟು ಬೇಗ ಒಪ್ಪಿಕೊಳ್ಳುತ್ತೇವೆ! ಪಕ್ಕದಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದ ಹೆಂಡತಿ ಮಾತ್ರ, ದಿನಾ ಪ್ರ್ಯಾಕ್ಟೀಸ್ ಏನು ಹಾಕಿಕೊಂಡು ಮಾಡುತ್ತೀರಿ ಅಂತ ಕೇಳಿದಳು. ಹಳೇ ಚೂಡಿದಾರ, ಅಂದರು. ಅದರಲ್ಲಿ ಕೂರಲು ಬರುತ್ತದೆಯೇ? ಬರುತ್ತದೆ, ಗುರುಗಳು ಮೆಚ್ಚುವಷ್ಟು.

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಅವರನ್ನ ನಿಂದರಿಸಿ ಅಳತಿ ತಗೊಂಡ್ರಿ. ಅವ್ರು ಸ್ಟೇಜ್ ಮ್ಯಾಗ ಬರೇ ನಿಂದ್ರಾಕ ಹೊಂಟಾರೇನು? ನೀವ ಒಮ್ಮಿ ಕೂತ ನೋಡ್ರಿ."

ಕೂತೆ. ಅದನ್ನು ಹೇಳಿದೆನಲ್ಲ.

ಆಮೇಲೆ ಅವಳೇ ಟೀಚರನ್ನು ಅರಮಂಡಿಯಲ್ಲಿ ಕೂರಿಸಿ ಟೇಪ್ ಹಿಡಿದಳು. ನಿಂತ ಅಳತೆಗಿಂತ ನಾಲ್ಕು ಇಂಚು ಹೆಚ್ಚು. ನನ್ನ ನಲವತ್ತೈದು ವರ್ಷದ ಅನುಭವ ಆ ನಾಲ್ಕು ಇಂಚಿನಲ್ಲಿ ಮುಗ್ಗರಿಸಿತ್ತು.

"ತಪ್ಪು ನಂದ್ರೀ ಟೀಚರ್. ಫೋನ್ ಮಾಡಬ್ಯಾಡ್ರಿ, ನಾಳಿ ತನಕ ತಾಳ್ರಿ," ಅಂದೆ. ಅಷ್ಟು ಹೇಳುವುದು ಅವರ ತಾಯಿಯ ಸೀರೆಗೆ ಕತ್ತರಿ ಹಾಕಿದ್ದಕ್ಕಿಂತ ಕಷ್ಟವಾಯಿತು.

ನಿರಿಗೆಯ ಹೊಲಿಗೆಯನ್ನು ಮೇಲೆ ಒಂದು ಗೇಣು ಬಿಟ್ಟು ಉಳಿದದ್ದೆಲ್ಲ ಬಿಚ್ಚಿದೆ. ಸೆರಗಿನಲ್ಲಿ ಉಳಿದ ತುಂಡಿನಿಂದ ಒಂದು ಚೌಕ ಕತ್ತರಿಸಿ, ಎರಡು ಕಾಲು ಕೂಡುವಲ್ಲಿ ಸೇರಿಸಿದೆ. ಕೈ ಎತ್ತಲು ಸಲೀಸಾಗಲೆಂದು ಕಂಕುಳಲ್ಲೂ ಪುಟ್ಟ ತುಂಡು. ಶನಿವಾರ ಟೀಚರ್ ಹಾಕಿಕೊಂಡರು, ಹೆದರುತ್ತಲೇ ಕೂತರು. ಇಳಿದರು, ಇನ್ನೂ ಇಳಿದರು. ಮೊಣಕಾಲುಗಳ ನಡುವೆ ನಿರಿಗೆ ಬಿಚ್ಚಿ ಹರಡಿತು.

ಭಾನುವಾರ ನಾವಿಬ್ಬರೂ ಮೂರನೇ ಸಾಲಿನಲ್ಲಿ ಕೂತಿದ್ದೆವು. ಜನ ಅವರ ಕಣ್ಣು, ಕೈ ನೋಡುತ್ತಿದ್ದರು. ನಾನು ಹೊಲಿಗೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹೊಲಿಗೆಯೂ ಮರೆತುಹೋಯಿತು, ಕುಣಿತವೊಂದೇ ಉಳಿಯಿತು. ಟೇಲರನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ?

ಮುಗಿದ ಮೇಲೆ ಟೀಚರ್ ಬಂದು ಕೈಮುಗಿದರು. ಕೈಮುಗಿಯಬೇಕಾದವನು ನಾನು. ಕೆಡಿಸಿದ ಕೈಗೇ ತಾಯಿಯ ಸೀರೆಯನ್ನು ಎರಡನೇ ಸಲ ಯಾರು ಕೊಡುತ್ತಾರೆ? ಹೆಂಡತಿಗೂ ಒಂದು ಥ್ಯಾಂಕ್ಸ್ ಬಾಕಿ ಇದೆ. (ಎದುರಿಗೆ ಹೇಳಲಾಗಲಿಲ್ಲ. ಇದು ಪೇಪರಿನಲ್ಲಿ ಬಂದಾಗ ಓದುತ್ತಾಳೆ, ಗೊತ್ತಾಗುತ್ತದೆ.)

ಬಟ್ಟೆ ಬಿಗಿಯಾದಾಗಲೆಲ್ಲ ಮೈಯನ್ನೇ ಬೈದುಕೊಳ್ಳುವ ನೀವು, ಒಮ್ಮೆಯಾದರೂ ಟೇಲರನನ್ನು ಬೈದು ನೋಡಿದ್ದೀರಾ?