ಕೊನೆಗೆ ಜೊತೆಯಾಗಿ ತಿಂದ ಜಾಗ

ನಮ್ಮ ಮನೆಯಲ್ಲಿ ಬೇಸಿಗೆ ಪ್ರವಾಸ ಶುರುವಾಗುವುದು ಬಸ್ಸಿನಲ್ಲಲ್ಲ, ಮಹಡಿಯ ಮೆಟ್ಟಿಲ ಮೇಲೆ. ಹೊರಡುವ ಹಿಂದಿನ ದಿನ ಅಕ್ಕ ಎಲ್ಲರನ್ನೂ ಬ್ಯಾಗಿನ ಸಮೇತ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಅವರವರ ಬ್ಯಾಗು ಅವರವರೇ ಹೊತ್ತುಕೊಂಡು ಮಹಡಿ ಹತ್ತಿ ಇಳಿದು ಬರಬೇಕು. ಮಧ್ಯದಲ್ಲಿ ಯಾರು ಕೆಳಗಿಟ್ಟರೋ ಅವರ ಬ್ಯಾಗು ಬಿಚ್ಚಿ ಅರ್ಧ ಸಾಮಾನು ಹೊರಗೆ. ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ನನ್ನನ್ನೂ ಹತ್ತಿಸಿದರು. ಹೊಸ ಬಟ್ಟೆಯನ್ನೆಲ್ಲ ತುರುಕಿದ್ದ ಬ್ಯಾಗು. ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತಾ ಕೂತುಬಿಟ್ಟೆ.

“ಅರ್ಧ ತೆಗಿ,” ಅಂದರು.

ತೆಗೆದೆ.

“ಈಗ ಉಳಿದಿದ್ದರಲ್ಲೂ ಅರ್ಧ ತೆಗಿ.”

ಮೈಯೆಲ್ಲ ಉರಿದುಹೋಯಿತು. ಹೊಸಬಳಲ್ಲವೇ, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮುಂದಿನ ವರ್ಷಗಳಲ್ಲಿ ನುಂಗಿಕೊಂಡಿಲ್ಲ, ಬೇಕಾದಷ್ಟು ಅಂದಿದ್ದೇನೆ. ಆದರೆ ಆ ಮೊದಲ ಪ್ರವಾಸದಲ್ಲೇ ಸೇತುವೆ ಮುರಿದು ಬಸ್ಸು ನಮ್ಮನ್ನೆಲ್ಲ ಈಚೆ ದಡದಲ್ಲೇ ಇಳಿಸಿಬಿಟ್ಟಿತು. ಉಳಿದ ಪ್ರಯಾಣಿಕರು ಸಾಮಾನಿನ ಗುಡ್ಡೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ನಾವು ಬ್ಯಾಗು ಹೆಗಲಿಗೇರಿಸಿಕೊಂಡು ನಡೆದುಹೋಗುವವರಿಗೆಂದು ಹಾಕಿದ್ದ ಹಲಗೆ ದಾಟಿ ನಡೆದುಹೋದೆವು. ಅವತ್ತು ಮನಸ್ಸಿನಲ್ಲೇ ಅಕ್ಕನಿಗೆ ಕೈಮುಗಿದೆ. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಆಮೇಲೆ ಅವರನ್ನು ಹಿಡಿಯುವವರು ಯಾರು?

ಅಕ್ಕ ಕೆಲಸ ಮಾಡಿದ್ದು ನಮ್ಮೂರಿನ ದೊಡ್ಡ ಬಸ್ ನಿಲ್ದಾಣದಲ್ಲಿ. ವಿಚಾರಣೆ ಕೌಂಟರಿನ ಹಿಂದೆ ಒಂದು ಪುಟ್ಟ ಗಾಜಿನ ಕೋಣೆ, ಅದರೊಳಗೆ ಮೈಕು, ಮೈಕಿನ ಮುಂದೆ ಅಕ್ಕ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇವತ್ತು ಇಲ್ಲವೇ ಇಲ್ಲ ಎಂದು ಕೂಗಿ ಹೇಳುವ ಕೆಲಸ. ಫ್ಯಾನಿನ ಗಲಾಟೆ ಮೈಕಿನಲ್ಲಿ ಕೇಳಿಸುತ್ತದೆಂದು ಮಾತಾಡುವಾಗೆಲ್ಲ ಅದನ್ನು ಆರಿಸಬೇಕಿತ್ತು. ಹಾಗಾಗಿ ಬೇಸಿಗೆಯೆಲ್ಲ ಅಕ್ಕ ಬೆವರಿನಲ್ಲೇ ಮಿಂದರು. ಬೇಸಿಗೆ ರಜೆ ಬಂತೆಂದರೆ ಆ ಕೋಣೆಯ ಮೂಲೆಯ ಸ್ಟೂಲು ಖಾಲಿ ಇರುತ್ತಿರಲಿಲ್ಲ. ಕಳೆದುಹೋದ ಮಕ್ಕಳನ್ನೆಲ್ಲ ಯಾರಾದರೂ ತಂದು ಅದರ ಮೇಲೆ ಕೂರಿಸುತ್ತಿದ್ದರು.

“ಮಕ್ಕಳೇನೋ ಅಳ್ತಾರೆ, ಸರಿ. ಗಂಡಸರು ಕಳೆದುಹೋದ್ರೆ ಒಪ್ಪೋದೇ ಇಲ್ಲ ಕಣೆ,” ಎಂದು ಅಕ್ಕ ನನ್ನ ಹತ್ತಿರ ನಗುತ್ತಿದ್ದರು. “ಕೌಂಟರ್‌ಗೆ ಬಂದು ಏನಂತಾರೆ ಗೊತ್ತಾ? ‘ನಮ್ಮ ಮನೆಯವರೆಲ್ಲ ತಪ್ಪಿಸ್ಕೊಂಡಿದ್ದಾರೆ, ಸ್ವಲ್ಪ ಕೂಗಿ’ ಅಂತಾರೆ.”

ಅಕ್ಕನ ಕಾನೂನುಗಳೆಲ್ಲ ಆ ಗಾಜಿನ ಕೋಣೆಯಿಂದ ಬಂದವು. ಮಕ್ಕಳು ಬೆಳಿಗ್ಗೆ ಹಾಕಿದ ಬಟ್ಟೆಯಲ್ಲೇ ದಿನಾ ಅವರದೊಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಮಗು ಕಾಣೆಯಾದ ಗಾಬರಿಯಲ್ಲಿ ಹೆತ್ತವಳಿಗೂ ಅಂಗಿಯ ಬಣ್ಣ ನೆನಪಾಗುವುದಿಲ್ಲವಂತೆ. ಔಷಧಿ ಇರಬೇಕಾದದ್ದು ಕೈಚೀಲದಲ್ಲಿ, ದೊಡ್ಡ ಬ್ಯಾಗಿನ ತಳದಲ್ಲಲ್ಲ. ಒಬ್ಬರ ಒಂದು ಜೊತೆ ಬಟ್ಟೆ ಇನ್ನೊಬ್ಬರ ಬ್ಯಾಗಿನಲ್ಲಿರಬೇಕು. ಇದನ್ನು ಕೇಳಿ ಮೂಗು ಮುರಿದಿದ್ದ ನನ್ನ ಗಂಡನ ಬ್ಯಾಗು ಒಮ್ಮೆ ಬೇರೆ ಬಸ್ಸಿನಲ್ಲಿ ಹೊರಟುಹೋಯಿತು, ಅವರ ಮಾನ ಉಳಿಸಿದ್ದು ನನ್ನ ಬ್ಯಾಗು. ಊರು ತಲುಪಿದ ದಿನವೇ ಯಾವುದನ್ನೂ ನೋಡಲು ಓಡಬಾರದು. ಬಿಸಿಲು ನೆತ್ತಿಗೇರಿದ ಮೇಲೆ ಎಲ್ಲರೂ ಕೊಠಡಿಯಲ್ಲಿ ಮಲಗಬೇಕು, ನಿದ್ದೆ ಬರದವರು ಕಣ್ಣು ಮುಚ್ಚಿಕೊಂಡಾದರೂ ಬಿದ್ದಿರಬೇಕು. ವಾಪಸು ಬರುವಾಗ ಎಂದೂ ಕೊನೆಯ ಬಸ್ಸಿಗೆ ಟಿಕೆಟ್ ಮಾಡಿಸಬಾರದು, ಅದರ ಹಿಂದಿನದಕ್ಕೆ ಮಾಡಿಸಬೇಕು. ಅಕ್ಕಪಕ್ಕದವರು ರಜೆಗೆ ಮುಂಚೆ ಅಡುಗೆಮನೆಗೇ ಬಂದು ಸಲಹೆ ಕೇಳುತ್ತಿದ್ದರು. ಅಕ್ಕ ಸೌಟು ಆಡಿಸುತ್ತಲೇ ಅವರ ಪ್ರವಾಸವನ್ನೆಲ್ಲ ತಿದ್ದಿ ಕಳಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕಾನೂನು ಒಂದಿತ್ತು. ಸ್ಟೂಲಿನ ಮೇಲೆ ಕೂತ ಮಗುವನ್ನು ಯಾವ ಬಸ್ಸು, ಯಾವ ಪ್ಲಾಟ್‌ಫಾರ್ಮ್ ಎಂದು ಕೇಳಿದರೆ ಪಿಳಿಪಿಳಿ ನೋಡುತ್ತದೆ. ಕೊನೆಗೆ ಏನು ತಿಂದೆ, ಎಲ್ಲಿ ಕೂತು ತಿಂದೆ ಎಂದು ಕೇಳಿದರೆ ಅಳು ನಿಲ್ಲಿಸಿ ಬೆರಳು ತೋರಿಸುತ್ತದೆ. ಅದನ್ನು ಕಂಡುಕೊಂಡ ಅಕ್ಕ ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದ್ದರು: ಯಾರೇ ತಪ್ಪಿಸಿಕೊಂಡರೂ ಯಾರೂ ಯಾರನ್ನೂ ಹುಡುಕಿಕೊಂಡು ಓಡಬಾರದು, ಕೊನೆಗೆ ಎಲ್ಲರೂ ಜೊತೆಯಾಗಿ ತಿಂದ ಜಾಗಕ್ಕೆ ಬಂದು ಕೂತುಬಿಡಬೇಕು. ಪ್ರತಿ ಪ್ರವಾಸದಲ್ಲೂ ಬಸ್ಸು ಹತ್ತುವ ಮುಂಚೆ ಪರೀಕ್ಷೆ. ಮೊದಲ ಪ್ರಶ್ನೆ ಯಾವಾಗಲೂ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ. ಭಾವ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಮಾತು ಕಡಿಮೆ. ಒಳ್ಳೆಯ ಹುಡುಗನ ಹಾಗೆ ಕೈಕಟ್ಟಿ ನಿಂತು ಒಪ್ಪಿಸುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆ ಭಾವನಿಗೆ ಮರೆವು ಬಂತು. ಮೊದಮೊದಲು ಕನ್ನಡಕ, ಆಮೇಲೆ ಮೊಮ್ಮಗಳ ಹೆಸರು, ಆಮೇಲೆ ಬೀದಿಯ ತಿರುವು. ಚಪ್ಪಲಿ ಫ್ರಿಜ್ಜಿನಲ್ಲಿ ಸಿಕ್ಕ ದಿನ ನಗಬೇಕೋ ಅಳಬೇಕೋ ತಿಳಿಯದೆ ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಹೋದ ಬೇಸಿಗೆ ಪ್ರವಾಸದ ಮಾತು ಬಂದಾಗ ಅಕ್ಕನ ಮಗ ಮೆಲ್ಲಗೆ ಶುರು ಮಾಡಿದ.

“ಅಮ್ಮ, ಈ ಸಲ ಅಪ್ಪ ಮನೇಲೇ ಇರಲಿ. ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡೋಣ. ಹೊಸ ಜಾಗದಲ್ಲಿ ಅವರಿಗೂ ಕಷ್ಟ, ನಮಗೂ ಕಷ್ಟ.”

ಅವನದು ತಪ್ಪು ಮಾತೇನಲ್ಲ. ತಂದೆಗೆ ಸ್ನಾನ ಮಾಡಿಸುವವನು ಅವನೇ. ಅಕ್ಕ ಬಹಳ ಹೊತ್ತು ಟೇಬಲ್ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

“ಇದೊಂದು ಸಲ ಕರ್ಕೊಂಡು ಹೋಗೋಣ. ಅವರ ಜವಾಬ್ದಾರಿ ನಂದು. ಅವರು ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ಅಲ್ಲಿಗೆ ಮುಗೀತು, ಇನ್ನು ಮೇಲೆ ನಾವಿಬ್ರೂ ಹೊಸ್ತಿಲು ದಾಟಲ್ಲ. ಸರಿನಾ?”

ಮಗ ಒಪ್ಪಿದ. ಅಕ್ಕ ಏನನ್ನು ಪಣಕ್ಕಿಟ್ಟರೆಂದು ನನಗೆ ಗೊತ್ತಿತ್ತು. ವರ್ಷವೆಲ್ಲ ಬೇರೆಯವರ ಬಸ್ಸುಗಳನ್ನು ಕೂಗಿ ಕಳಿಸುತ್ತಿದ್ದ ಹೆಂಗಸಿಗೆ ಬೇಸಿಗೆಯ ಆ ನಾಲ್ಕು ದಿನವೇ ಸ್ವಂತದ್ದು.

ಹೋದದ್ದು ಬೆಟ್ಟದ ಮೇಲಿನ ಒಂದು ಕೆರೆಯ ಊರಿಗೆ. ಎಲ್ಲ ಚೆನ್ನಾಗಿಯೇ ನಡೆಯಿತು. ಭಾವನ ಒಂದು ಜೊತೆ ಬಟ್ಟೆ ಅಕ್ಕನ ಬ್ಯಾಗಿನಲ್ಲಿ, ಭಾವನ ಕೈ ಅಕ್ಕನ ಕೈಯಲ್ಲಿ. ಬೆಳಿಗ್ಗೆ ನಾವೆಲ್ಲ ಇನ್ನೂ ಗೊರಕೆ ಹೊಡೆಯುತ್ತಿರುವಾಗಲೇ ಇಬ್ಬರೂ ಕೆರೆಯ ದಂಡೆಗೆ ಹೋಗಿ, ಕಲ್ಲುಬೆಂಚಿನ ಮೇಲೆ ಕೂತು, ಎದುರಿನ ಗಾಡಿಯಿಂದ ಟೀ ಬನ್ನು ತೆಗೆದುಕೊಂಡು ತಿಂದು ಬರುತ್ತಿದ್ದರು. ಹೊರಡುವ ದಿನ ಬೆಳಿಗ್ಗೆಯೂ ಹೋಗಿಬಂದರು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು. ಪ್ಲಾಟ್‌ಫಾರ್ಮಿನ ಸಿಮೆಂಟಿನ ಕಟ್ಟೆಯ ಮೇಲೆ ಎಲ್ಲರೂ ಒತ್ತಿಕೊಂಡು ಕೂತೆವು. ಅಕ್ಕ ನಿಂತುಕೊಂಡೇ ಬ್ರೆಡ್ಡು, ಬೇಯಿಸಿದ ಮೊಟ್ಟೆಯ ಪೊಟ್ಟಣಗಳನ್ನು ಹಂಚಿದರು, ನೀರು ಕೊಟ್ಟರು, ಮೊಮ್ಮಗಳ ಕೈ ಒರೆಸಿದರು, ಬಸ್ಸಿನ ವಿಷಯ ಕೇಳಿಕೊಂಡು ಬರಲು ಕೌಂಟರಿಗೆ ಹೋದರು. ಹೋಗುವಾಗ ಭಾವನನ್ನು ಮಗನಿಗೆ ಒಪ್ಪಿಸಿದರು. ಬಸ್ಸು ಬಂತು, ಮಗ ಬ್ಯಾಗು ಎತ್ತಲು ಬಗ್ಗಿದ, ಎದ್ದು ನೋಡಿದರೆ ಭಾವ ಇಲ್ಲ.

ಆಮೇಲೆ ಆದದ್ದನ್ನು ಏನೆಂದು ಹೇಳಲಿ. ಮಗ ಆ ತುದಿಗೆ, ನನ್ನ ಗಂಡ ಈ ತುದಿಗೆ. ಕೌಂಟರಿನವರು ಮೈಕಿನಲ್ಲಿ ಭಾವನ ಹೆಸರು ಕೂಗಿದರು, ಮತ್ತೆ ಮತ್ತೆ ಕೂಗಿದರು. ಬಸ್ಸು ಕಾದು ಕಾದು ಹೊರಟುಹೋಯಿತು. ಅಕ್ಕ ಮಾತ್ರ ಕಾನೂನಿನ ಪ್ರಕಾರ ನಾವೆಲ್ಲ ತಿಂದ ಕಟ್ಟೆಗೇ ಬಂದು ಕೂತರು. ನಿಲ್ದಾಣದ ಬಾಗಿಲಿನ ಕಡೆಗೆ ನೆಟ್ಟ ಕಣ್ಣು ಕದಲಲಿಲ್ಲ.

“ಅಮ್ಮ, ಅಪ್ಪ ಕಳೆದುಹೋಗಿದ್ದಾರೆ, ನೀನು ಕಲ್ಲಿನ ಹಾಗೆ ಕೂತಿದ್ದೀಯಲ್ಲ!” ಮಗ ಜನರ ಮಧ್ಯೆಯೇ ಕಿರುಚಿದ.

“ಅವರು ಇಲ್ಲಿಗೇ ಬರ್ತಾರೆ.”

“ಅವರಿಗೆ ನಾನು ಯಾರು ಅಂತಾನೇ ನೆನಪಿಲ್ಲ. ನಿನ್ನ ಕಾನೂನು ನೆನಪಿರುತ್ತಾ?”

ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ನನಗೆ ದುಃಖ ಬಂದರೆ ಸಿಟ್ಟಾಗಿಯೇ ಹೊರಗೆ ಬರುವುದು. ಅವರ ಕೈಚೀಲದಲ್ಲಿ ಬಿಚ್ಚದೆ ಉಳಿದಿದ್ದ ಪೊಟ್ಟಣ ಕಣ್ಣಿಗೆ ಬಿದ್ದದ್ದೇ ತಡ, ಗದರಿಬಿಟ್ಟೆ.

“ನೀವು ತಿಂದೇ ಇಲ್ವಲ್ಲ ಅಕ್ಕ! ತಲೆ ಸುತ್ತಿ ಬಿದ್ರೆ ನಿಮ್ಮನ್ನ ಹೊರೋರು ಯಾರು? ಮೊದ್ಲು ತಿನ್ನಿ.”

ಅಕ್ಕ ಪೊಟ್ಟಣವನ್ನು ನೋಡಿದರು. ನನ್ನ ಮುಖ ನೋಡಿದರು.

“ನಾನು ಇಲ್ಲಿ ತಿಂದಿಲ್ಲ,” ಅಂದರು.

“ಅದನ್ನೇ ಹೇಳ್ತಿರೋದು!”

“ಅದಲ್ಲ ಕಣೆ, ನಾನು ಇಲ್ಲಿ ತಿಂದೇ ಇಲ್ಲ,” ಎಂದು ಎದ್ದವರೇ ಓಡಿದರು. ಆ ಮಂಡಿನೋವಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹಿಂದೆ ನಾನು, ನನ್ನ ಹಿಂದೆ ಮಗ. ನಿಲ್ದಾಣದ ಹಿಂಬಾಗಿಲು ದಾಟಿ, ಹೂಕುಂಡ ಮಾರುವವರ ಬೀದಿಯಲ್ಲಿ ಇಳಿದು, ಕೆರೆಯ ದಂಡೆಗೆ.

ಕಲ್ಲುಬೆಂಚಿನ ಮೇಲೆ ಭಾವ ಕೂತಿದ್ದರು. ಪಕ್ಕದ ಜಾಗಕ್ಕೆ ಬೇರೆ ಯಾರೂ ಕೂರದಿರಲೆಂದು ಕರವಸ್ತ್ರ ಹಾಸಿದ್ದರು. ಅಕ್ಕ ಪ್ಲಾಟ್‌ಫಾರ್ಮಿನಲ್ಲಿ ಕೈಗೆ ಕೊಟ್ಟಿದ್ದ ಬ್ರೆಡ್ಡಿನ ಪೊಟ್ಟಣ ತೊಡೆಯ ಮೇಲೆ ಹಾಗೆಯೇ ಇತ್ತು, ದಾರ ಕೂಡ ಬಿಚ್ಚಿರಲಿಲ್ಲ. ಅಕ್ಕನನ್ನು ಕಂಡವರೇ ಮುಖ ಗಂಟಿಕ್ಕಿದರು.

“ಎಲ್ಲಿ ತಪ್ಪಿಸ್ಕೊಂಡು ಹೋಗಿದ್ದೆ? ಹುಡುಕಿಕೊಂಡು ಹೋಗಬಾರದು ಅಂತ ನೀನೇ ಹೇಳಿದ್ದಲ್ವಾ. ಅದಕ್ಕೇ ಇಲ್ಲೇ ಕೂತಿದ್ದೀನಿ.”

ಅಕ್ಕ ಯಾರೆದುರೂ ತಪ್ಪಾಯಿತೆಂದವರಲ್ಲ. ಕರವಸ್ತ್ರ ಸರಿಸಿ ಪಕ್ಕದಲ್ಲಿ ಕೂತು, “ತಪ್ಪಾಯ್ತು ರೀ, ದಾರಿ ಮರೆತುಬಿಟ್ಟಿದ್ದೆ,” ಎಂದು ಅತ್ತರು. ಭಾವ ಪೊಟ್ಟಣ ಬಿಚ್ಚಿ ಅರ್ಧ ಬ್ರೆಡ್ಡು ಅವರ ಕೈಗಿಟ್ಟರು. ನನಗೂ ತಡೆಯಲಾಗಲಿಲ್ಲ, ಕೆರೆಯ ಕಡೆಗೆ ಮುಖ ತಿರುಗಿಸಿಕೊಂಡೆ.

ಕೊನೆಯ ಬಸ್ಸು ಇನ್ನೂ ಇತ್ತು, ಅಕ್ಕನ ಪುಣ್ಯ. ಸೀಟು ಸಿಕ್ಕಿ ಎಲ್ಲರೂ ಕೂತ ಮೇಲೆ ಅಕ್ಕನೇ ಮಗನ ಕಡೆ ತಿರುಗಿದರು.

“ಮಾತು ಕೊಟ್ಟಿದ್ದೆ ಕಣಪ್ಪ. ಇನ್ನು ಮೇಲೆ ನಾವಿಬ್ರೂ ಮನೇಲಿರ್ತೀವಿ, ನೀವು ಹೋಗಿಬನ್ನಿ.”

ಮಗ ತಂದೆಯ ಶೂ ಲೇಸು ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

“ಅಪ್ಪ ಎಲ್ಲಿ ತಪ್ಪಿಸ್ಕೊಂಡ್ರು ಅಮ್ಮ? ನೀನು ಹೇಳಿಕೊಟ್ಟ ಕಡೆಗೇ ಹೋಗಿ ಕೂತಿದ್ರು. ನಾವೇ ಬೇರೆ ಕಡೆ ಕಾಯ್ತಿದ್ವಿ.”

ಆ ರಾತ್ರಿಯಿಡೀ ನನ್ನ ತಲೆಯಲ್ಲಿ ಅದೇ ಮಾತು. ಎಷ್ಟು ವರ್ಷದಿಂದ ಅಕ್ಕನ ಕಾನೂನು ಬಾಯಿಪಾಠ ಒಪ್ಪಿಸಿದ್ದೇವೆ! ಎಲ್ಲರೂ ಜೊತೆಯಾಗಿ ತಿಂದ ಜಾಗ ಅನ್ನುವಾಗ ಅಕ್ಕ ನಿಂತು ಬಡಿಸುತ್ತಿದ್ದದ್ದು ನಮಗ್ಯಾರಿಗೂ ಲೆಕ್ಕಕ್ಕೆ ಬಂದಿರಲಿಲ್ಲ. ಅಕ್ಕನಿಗೂ ಬಂದಿರಲಿಲ್ಲ. ಭಾವನೊಬ್ಬರಿಗೆ, ಎಲ್ಲ ಮರೆತ ಮೇಲೂ, ಅಕ್ಕ ತಿನ್ನದೇ ಇದ್ದ ಊಟ ಊಟವಾಗಿರಲಿಲ್ಲ.

ಈ ಬೇಸಿಗೆಯೂ ಹೋಗಿಬಂದೆವು. ಮೆಟ್ಟಿಲು ಹತ್ತಿಸಿದರು, ನನ್ನ ಬ್ಯಾಗಿನಿಂದ ಅರ್ಧ ತೆಗೆಸಿದರು, ನಾನೂ ಬಾಯಿಗೆ ಬಂದಂತೆ ಅಂದೆ. ಭಾವನಿಗೆ ಹೋದ ಊರು ಯಾವುದೆಂದು ತಿಳಿಯಲಿಲ್ಲ, ನಾನು ಯಾರೆಂದೂ ತಿಳಿಯಲಿಲ್ಲ. ಊಟದ ಹೊತ್ತಿಗೆ ಮಾತ್ರ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕರವಸ್ತ್ರ ಹಾಸಿ, ಅಕ್ಕ ಬಂದು ಕೂರುವವರೆಗೂ ಕಾದರು. ಅವರ ಜೊತೆ ನಾವೂ ಕಾದೆವು.