ಚಿಗವ್ವ ಎತ್ತಿದ ಬಾಗಿಲು

ನಮ್ಮ ಚಿಗವ್ವನ ಮೈಮೇಲೆ ಜೋತಾಡುವಂಥದ್ದು ಒಂದೂ ಇರಲಿಲ್ಲ. ಸೆರಗು ಹೆಗಲಿಂದ ಇಳಿದು, ಬೆನ್ನು ಬಳಸಿ ಬಂದು, ಸೊಂಟದಲ್ಲಿ ಗಂಟಾಗಿ ಕೂತಿರುತ್ತಿತ್ತು. ತಾಳಿ ಕುಪ್ಪಸದೊಳಗೆ. ಬಳೆಗಳನ್ನು ಮುಂಗೈಯ ದಪ್ಪ ಭಾಗದವರೆಗೆ ಏರಿಸಿ, ಅಲುಗದ ಹಾಗೆ ಕೂಡಿಸಿರುತ್ತಿದ್ದಳು. ಕಿವಿಗೆ ಬೆಂಡೋಲೆ ಮಾತ್ರ. ಜುಮಕಿ ಯಾರಾದರೂ ಕೊಡಿಸಿದರೆ ಅದು ಸೊಸೆಯ ಪಾಲು. ತುರುಬು ಎಷ್ಟು ಬಿಗಿ ಎಂದರೆ ಹುಬ್ಬೆರಡೂ ಮೇಲಕ್ಕೆ ಎಳೆದುಕೊಂಡು, ಯಾವಾಗಲೂ ಎದುರಿನವರನ್ನು ಏನೋ ಕೇಳುತ್ತಿರುವ ಮುಖ. ಹಣೆಯ ಮೇಲಿನ ಬಿಳುಪಿನಲ್ಲಿ ವಿಭೂತಿ ಎಷ್ಟು, ಹಿಟ್ಟು ಎಷ್ಟು ಎಂದು ಹೇಳುವುದು ಕಷ್ಟ.

ಚಿಗವ್ವ ಎಂದರೆ ನಮ್ಮ ಅವ್ವನ ತಂಗಿ. ಹುಟ್ಟಿದ್ದು ಸಿರುಗುಪ್ಪದಲ್ಲಿ, ಕಾಲುವೆ ನೀರು ಕುಡಿದ ಭತ್ತದ ಊರಲ್ಲಿ. ಸೇರಿದ್ದು ಕುರುಗೋಡಿನ ಮನೆ. ಅಲ್ಲಿ ಚಿಗಪ್ಪ ಹೊಲ ನೋಡಿಕೊಂಡರೆ ಹಿಟ್ಟಿನ ಗಿರಣಿ ಪೂರ್ತಿ ಇವಳದು. ತಿರುಗುವ ಪಟ್ಟಾ, ಅಂದರೆ ಗಿರಣಿಯ ಬೆಲ್ಟಿನ ಪಕ್ಕ ಬಾಳುವೆ ಮಾಡಿದವಳಾದ್ದರಿಂದ ಜೋತಾಡುವ ವಸ್ತುವನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ನನಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ಇದೆ. ಅಲ್ಲಿಗೆ ಬಂದಾಗಲೆಲ್ಲ ಚಿಗವ್ವ ಮಾತಾಡುತ್ತಾ ಮಾತಾಡುತ್ತಾ ಪ್ಯಾಂಟುಗಳ ಅಂಚಿಗೆ ಉಳಿದ ದಾರವನ್ನು ಹಲ್ಲಿನಿಂದ ಕಡಿದು ಹಾಕುತ್ತಿದ್ದಳು. "ಇಷ್ಟುದ್ದ ದಾರಾ ಬಿಡತಾರೇನಲೇ? ಯಾವಾಕೋ ಸಿಕ್ಕೊಂಡು ಬೀಳ್ತಾಳ" ಎನ್ನುವಳು. ಪ್ಯಾಂಟಿನ ದಾರಕ್ಕೆ ಯಾರೂ ಬೀಳುವುದಿಲ್ಲ ಎಂದರೆ ನಂಬುತ್ತಿರಲಿಲ್ಲ.

ಆಕೆಯ ಗಿರಣಿಯಲ್ಲಿ ಒಂದು ರೀತಿ ಇತ್ತು. ಒಮ್ಮೆ ವ್ಯಾಪಾರಕ್ಕೆಂದು ಆ ಕಡೆ ಹೋದವನು ಮಧ್ಯಾಹ್ನ ಊಟಕ್ಕೆ ಅವರ ಮನೆಗೆ ಹೋದೆ. ನನ್ನ ತಾಟಿಗೆ ಬೆಳ್ಳಗಿನ ಜೋಳದ ರೊಟ್ಟಿ, ಪುಂಡಿಪಲ್ಯೆ. ತನ್ನ ತಾಟಿಗೆ ಕಂದು ಬಣ್ಣದ, ಮುರಿದರೆ ಸುಟ್ಟ ವಾಸನೆ ಹೊಡೆಯುವ ರೊಟ್ಟಿ.

"ಇದೇನ್ ಚಿಗವ್ವ?"

"ಯಾರ್ದೋ ಜ್ವಾಳ. ಮಾತಿಗೆ ನಿಂತೆ, ಕಲ್ಲು ಬಿಗಿ ಆಗಿದ್ದು ನೋಡ್ಲಿಲ್ಲ. ಹಿಟ್ಟು ಸೀದು ಹೋತು."

"ಅವರಿಗೆ?"

"ನಮ್ಮ ಜ್ವಾಳ ಬೀಸಿ ಕೊಟ್ಟೀನಿ. ನಾ ಕೆಡಿಸಿದ್ದು ನಾ ತಿನ್ನಬೇಕು, ಮತ್ತೊಬ್ಬರ ತಾಟಿಗೆ ಹಾಕಬಾರದು. ನೀ ಉಣ್ಣು."

ದನಕ್ಕೆ ಹಾಕಬಹುದಿತ್ತಲ್ಲ ಎಂದೆ. "ದನಾ ಏನ್ ತಪ್ಪು ಮಾಡ್ಯಾವಲೇ?" ಎಂದಳು. ಆ ಹಿಟ್ಟು ಮುಗಿಯುವವರೆಗೆ ಆಕೆ ಅದನ್ನೇ ತಿಂದಳೆಂದು ಆಮೇಲೆ ಅವ್ವನಿಂದ ಕೇಳಿದೆ. ಈ ಮಾತನ್ನು ಮೊದಲೇ ಹೇಳಿಟ್ಟೆ, ಮುಂದಿನದು ಅರ್ಥವಾಗಬೇಕೆಂದು.

ನನ್ನ ಸೊಂಟದ ಕತೆಯನ್ನೂ ಹೇಳಿಬಿಡುತ್ತೇನೆ. ಬಟ್ಟೆಯ ಥಾನಿನ ಸುರುಳಿ ಎತ್ತಿ ಎತ್ತಿ ಸೊಂಟ ಹಿಡಿದು, ಡಾಕ್ಟರು ಇನ್ನು ಮೇಲೆ ಬಗ್ಗುವ ಹಾಗೇ ಇಲ್ಲ ಎಂದರು. ಮನೆಯ ಕಾರ್ ಶೆಡ್ಡಿಗೆ ಇದ್ದದ್ದು ಕೈಯಿಂದ ಎತ್ತುವ ಶಟರು. ಗೇಟು ಹಾಕಿಸೋಣವೆಂದರೆ ನಮ್ಮ ಓಣಿ ಅಷ್ಟು ಅಗಲದ್ದಲ್ಲ. ಹೊರಗೆ ತೆರೆದರೆ ಆಟೋಗೆ ಬಡಿಯುತ್ತದೆ, ಒಳಗೆ ತೆರೆದರೆ ಕಾರಿಗೆ. ಕೊನೆಗೆ ಹೊಸಪೇಟೆಯ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿ, ಬಟನ್ ಒತ್ತಿದರೆ ತಾನೇ ಮೇಲಕ್ಕೇರಿ ಛತ್ತಿನ ಕೆಳಗೆ ಮಲಗುವ ಬಾಗಿಲು ಹಾಕಿಸಿದೆ. ಛತ್ತಿನಲ್ಲಿ ಒಂದು ಮೋಟರು, ಅಲ್ಲಿಂದ ಬಾಗಿಲವರೆಗೆ ಒಂದು ಕಬ್ಬಿಣದ ಪಟ್ಟಿ, ಅದರುದ್ದಕ್ಕೂ ಬಾಗಿಲನ್ನು ಎಳೆಯುವ ರಬ್ಬರಿನ ಬೆಲ್ಟು. ಮೊದಮೊದಲು ಓಣಿಯವರು ನಿಂತು ನೋಡುತ್ತಿದ್ದರು. ನಮ್ಮೆದುರಿಗೆ ವೆಲ್ಡಿಂಗ್ ಅಂಗಡಿ ಇಟ್ಟಿರುವ ಭಾಯ್, "ಸೇಠ್, ಒಳಗ ಹೋಗಾಕ ಪಾಸ್ ಬೇಕೇನ್ರಿ?" ಎಂದು ಕಾಡುತ್ತಿದ್ದ. ನನಗೆ ಆಗಲೇ ಅರ್ಧ ನಾಚಿಕೆ.

ಕಣ್ಣು ತೋರಿಸಲೆಂದು ಚಿಗವ್ವ ಬಳ್ಳಾರಿಗೆ ಬಂದು ನಮ್ಮಲ್ಲಿ ಉಳಿದಳು. ಬಂದ ಸಂಜೆಯೇ ಬಾಗಿಲು ಇಳಿಯುವ ಸದ್ದು ಆಕೆಯ ಕಿವಿಗೆ ಬಿತ್ತು. ಬೆಲ್ಟು ಕೊನೆಗೆ ಒಂಚೂರು ಕುಣಿದು ಪಟ್ಟಿಗೆ ಪಟಪಟ ಬಡಿಯುತ್ತಿತ್ತು. ಕೈಯಲ್ಲಿದ್ದ ಚಹಾ ಕೆಳಗಿಟ್ಟು ಶೆಡ್ಡಿಗೆ ಬಂದಳು. ತಲೆಯೆತ್ತಿ ನೋಡಿದಳು.

"ಪಟ್ಟಾ ಸಡ್ಲ ಐತಲ್ಲಲೇ."

"ಅದು ಹಂಗ ಇರಬೇಕಂತ ಚಿಗವ್ವ. ಬಾಗಲಾ ಮುಚ್ಚಿದಾಗ ಸ್ವಲ್ಪ ಜೋತಾಡಬೇಕು ಅಂತ ಹಾಕಿದಾಂವ ಹೇಳ್ಯಾನ."

"ಜೋತಾಡೋ ಪಟ್ಟಾ ಎಲ್ಲೆರ ಇರತೈತೇನು? ಅಂವಗ ಬಿಗಿಯಾಕ ಬ್ಯಾಸರ ಆಗೈತಿ, ನಿನಗ ಕತಿ ಹೇಳಿ ಹೋಗ್ಯಾನ."

ನಾನು ನಕ್ಕುಬಿಟ್ಟೆ. ಮಾರನೆಯ ಮಧ್ಯಾಹ್ನ ನಾನು ಕಾರ್ಖಾನೆಯಲ್ಲಿ, ನನ್ನ ಹೆಂಡತಿ ಒಳಗೆ ಮಲಗಿದ್ದಾಳೆ; ಚಿಗವ್ವ ಏಣಿ ಹಾಕಿ, ಪಾನಾ ಹಿಡಿದು, ಪಟ್ಟಿಯ ತುದಿಯ ನಟ್ಟನ್ನು ತಿರುಗಿಸಿದಳು. ಗಿರಣಿಯ ಪಟ್ಟಾವನ್ನು ಬೆರಳಿನಿಂದ ಮೀಟಿ ನೋಡುವುದು ಆಕೆಯ ರೂಢಿ. ತಂತಿಯ ಹಾಗೆ ಠಣ್ ಎನ್ನಬೇಕು. ಅನ್ನುವವರೆಗೂ ತಿರುಗಿಸಿದಳು. ಇಳಿದು ಬಂದು ಕೈ ತೊಳೆದು ನನ್ನ ಹೆಂಡತಿಗೆ, "ಇನ್ನ ಸದ್ದು ಮಾಡಂಗಿಲ್ಲ ತಗೋ" ಎಂದಳಂತೆ.

ಸಂಜೆ ಬಂದು ಕಾರಿನೊಳಗಿಂದಲೇ ಬಟನ್ ಒತ್ತಿದೆ. ಬಾಗಿಲು ಮೊಣಕಾಲೆತ್ತರಕ್ಕೆ ಏರಿತು. ಮೇಲೆ ಮೋಟರು ಹೊರೆ ಹೊತ್ತವನ ಹಾಗೆ ನರಳಿತು. ಆಮೇಲೆ ಏನೋ ಕಟಕ್ಕೆಂದು ಮುರಿದ ಸದ್ದು. ನಿಂತುಬಿಟ್ಟಿತು. ನನ್ನ ಕಾರು ಓಣಿಗೆ ಅಡ್ಡ. ಹಿಂದೆ ಆಟೋ, ಅದರ ಹಿಂದೆ ತಳ್ಳುವ ಗಾಡಿ, ಎಲ್ಲರದೂ ಹಾರ್ನು, ಎಲ್ಲರದೂ ಬಾಯಿ.

ಭಾಯ್ ಓಡಿ ಬಂದ. "ಏನ್ ಸೇಠ್, ಬಾಗಲಕ್ಕ ಜ್ವರ ಬಂತೇನು?"

ಒಳಗಿಂದ ನನ್ನ ಹೆಂಡತಿ, ಆಕೆಯ ಹಿಂದೆ ಚಿಗವ್ವ ಬಂದರು. ನನ್ನ ಹೆಂಡತಿಗೆ ಏನಾಗಿದೆ ಎಂದು ತಕ್ಷಣ ಹೊಳೆದಿರಬೇಕು. ಚಿಗವ್ವನ ಮರ್ಯಾದೆ ಉಳಿಸಲು ಜನರಿಗೆ ಕೇಳುವ ಹಾಗೆ, "ಕಂಪನಿದವ್ರು ಹಾಳ್ ಮಾಲ್ ಕೊಟ್ಟಾರ್ರಿ" ಎಂದಳು. ನಾನೂ ತಲೆಯಾಡಿಸಿದೆ. ಆಟೋದವನೂ, "ಹೌದ್ ಬಿಡ್ರಿ, ಈಗಿನ ಮಾಲೇ ಹಂಗ" ಎಂದ. ಅಷ್ಟಕ್ಕೇ ಮುಗಿಯಬಹುದಿತ್ತು.

"ಕಂಪನಿ ಅಲ್ಲ" ಎಂದಳು ಚಿಗವ್ವ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ಸ್ವರ ದೊಡ್ಡದು. "ನಾ ಬಿಗದೀನಿ. ಬ್ಯಾಡ ಅಂದ್ರೂ ಬಿಗದೀನಿ. ಮುರದಾಕಿ ನಾನ."

ಆಕೆಯ ಕತ್ತು, ಕಿವಿ ಎಲ್ಲ ಕೆಂಪಾಗಿತ್ತು. ಅಷ್ಟು ಜನರೆದುರು ತಾನೇ ನಿಂತು ಹೇಳಿಕೊಂಡವಳ ಎದುರಿಗೆ, ನಾವು ಗಂಡ ಹೆಂಡತಿ ಸುಳ್ಳು ಹೇಳಿದ ಬಾಯಿ ಮುಚ್ಚಲೂ ಬಾರದೆ ನಿಂತಿದ್ದೆವು.

ಹೊಸಪೇಟೆಯವನಿಗೆ ಫೋನು ಮಾಡಿದೆ. ಬೆಲ್ಟಿನ ಬಿಗಿತಕ್ಕೆ ಹಲ್ಲಿನ ಚಕ್ರ ಒಡೆದಿದೆ, ಅದು ಬೆಂಗಳೂರಿನಿಂದ ಬರಬೇಕು, ಅಲ್ಲಿಯವರೆಗೆ ಒಳಗಿರುವ ಕೆಂಪು ಹಗ್ಗ ಎಳೆದು ಬಾಗಿಲನ್ನು ಕೈಯಿಂದ ಎತ್ತಿರಿ ಎಂದ. ಸ್ಪ್ರಿಂಗ್ ಇರುವುದರಿಂದ ಭಾರವೇನಿಲ್ಲ, ಆದರೆ ಕೆಳಗಿನ ಹಿಡಿಕೆಗೆ ಬಗ್ಗಬೇಕು. ನಾನು ಬಗ್ಗುವಂತಿಲ್ಲ. ನನ್ನ ಹೆಂಡತಿ ಮುಂದೆ ಹೋದಳು. ಚಿಗವ್ವ ಆಕೆಯ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು. "ನೀ ಸರಿಯವ್ವ. ಇದು ನನ್ನ ತಾಟಿಂದು."

ಮರುದಿನ ಬೆಳಿಗ್ಗೆ ನಾನು ಕೀಲಿ ಹಿಡಿದು ಬರುವುದರೊಳಗೆ ಚಿಗವ್ವ ಶೆಡ್ಡಿನಲ್ಲಿ ನಿಂತಿದ್ದಳು. ಬಗ್ಗಿದಳು, ಎತ್ತಿದಳು, ಬಾಗಿಲು ಇಳಿಯದ ಹಾಗೆ ಒಂದು ಕೈ ಮೇಲೆ ಕೊಟ್ಟು ಗೋಡೆಗೆ ಒತ್ತಿ ನಿಂತಳು, ನನ್ನ ಕಾರಿಗೆ ದಾರಿ ಬಿಟ್ಟು. ನನಗೆ ಸಂಜೆಯದು ಇನ್ನೂ ಕಷ್ಟ. ಹಾರ್ನು ಕೇಳಿದ ಕೂಡಲೇ ಬಾಗಿಲು ನೆಲ ಬಿಡುತ್ತಿತ್ತು. ಮೊದಲು ಎರಡು ಪಾದ ಕಾಣುತ್ತಿದ್ದವು. ಆಮೇಲೆ ಸೀರೆಯ ಅಂಚು. ಆಮೇಲೆ ನನ್ನ ಕಾರಿನ ದೀಪಕ್ಕೆ ಎದುರಾಗಿ ಬಗ್ಗಿದ ಆ ಬಿಗಿ ತುರುಬು. ಅವ್ವ ತೀರಿಕೊಂಡ ಮೇಲೆ ಹಬ್ಬಕ್ಕೆ ನಾನು ಕಾಲಿಗೆ ಬೀಳುತ್ತಿದ್ದ ಹಿರಿಯ ಜೀವ ಅದೊಂದೇ. ಅದು ನನ್ನ ಗಾಡಿಗೆ ಬಗ್ಗುವುದನ್ನು ಕೂತು ನೋಡಬೇಕು. ಇಳಿದು ನಿಂತರೂ ಅಷ್ಟೇ, ಕೂತರೂ ಅಷ್ಟೇ. ದೀಪ ಆರಿಸಿ ನೋಡಿದೆ. ಕತ್ತಲಲ್ಲೂ ನನ್ನ ಮುಖ ಬಿಸಿಯೇರುತ್ತಿತ್ತು.

ಭಾಯ್ ಒಂದು ಬೆಳಿಗ್ಗೆ ಅಭ್ಯಾಸಬಲದಿಂದ, "ಸೇಠ್, ಹೊಸಾ ವಾಚ್‌ಮನ್ ಇಟ್ಟೀರೇನು?" ಎಂದವನು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ.

"ಹೂಂನಪಾ" ಎಂದಳು ಚಿಗವ್ವ, ಬಾಗಿಲು ಹಿಡಿದುಕೊಂಡೇ. "ಪಗಾರ ಇಲ್ಲ. ಊಟದ ಮ್ಯಾಲ ಅದೀನಿ."

ಓಣಿಯೆಲ್ಲ ನಕ್ಕಿತು. ಆಕೆಯೂ ನಕ್ಕಳು. ನಾನು ಗಾಡಿಯನ್ನು ಎಷ್ಟು ಜೋರಾಗಿ ತೆಗೆದೆನೆಂದರೆ ಭಾಯ್‌ನ ಬೆಂಚಿಗೆ ತಾಗುವುದರಲ್ಲಿತ್ತು.

ಆ ದಿನ ಕಾರನ್ನು ಬ್ರೂಸ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರದ ಗೆಳೆಯನೊಬ್ಬನ ಗೋದಾಮಿನ ಮುಂದೆ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. ಚಿಗವ್ವ ಶೆಡ್ಡಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಹಾದುಹೋದ ಹಾರ್ನಿಗೆಲ್ಲ ಎದ್ದು ಎದ್ದು ಕೂತಿದ್ದಳೆಂದು ನನ್ನ ಹೆಂಡತಿ ಕಣ್ಣಿನಲ್ಲೇ ಹೇಳಿದಳು.

"ಗಾಡಿ ಎಲ್ಲಿ?"

"ಬ್ರೂಸ್‌ಪೇಟ್ಯಾಗ ಬಿಟ್ಟು ಬಂದೆ. ನಾಳೆ ಅಲ್ಲೇ ಕೆಲಸ ಐತಿ."

"ನನ್ನ ಮುಖಾ ನೋಡಿ ಹೇಳು."

ನೋಡಲಾಗಲಿಲ್ಲ. "ನನಗ ನಾಚಿಕಿ ಆಗತೈತಿ ಚಿಗವ್ವ" ಎಂದೆ. "ಮಂದಿ ಮುಂದ ನೀ ಬಗ್ಗೂದು, ನಾ ಒಳಗ ಕುಂತಿರೂದು. ಅವ್ವ ಇದ್ದಿದ್ರ ನನ್ನ ಕಪಾಳಕ್ಕ ಹೊಡೀತಿದ್ಲು."

ಚಿಗವ್ವ ಏರಿಸಿದ ಬಳೆಯನ್ನೇ ಮತ್ತೆ ಏರಿಸಿದಳು.

"ನಿನಗ ನಾಚಿಕಿ ಆಗತೈತಿ ಅಂತ ನನ್ನ ನಾಚಿಕಿ ಕಸಗೋತಿಯೇನಲೇ?" ಎಂದಳು. ಆ ದೊಡ್ಡ ಸ್ವರ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇಷ್ಟು ವರ್ಷ ಪಟ್ಟಾ ಬಿಗದೀನಿ. ಊರು ಮಂದಿ ಕೇಳ್ಕೊಂಡು ಬರ್ತಿದ್ರು. ಈಗ ನಿನ್ನ ಮನ್ಯಾಗ ಮುರದೆ. ಕೆಡಿಸಿದ್ದು ತಿಂದು ಮುಗಿಸಿದ್ರ ತಲಿ ಎತ್ತಿ ಊರಿಗೆ ಹೋಗ್ತೀನಿ. ತಾಟು ಕಸಗೊಂಡ್ರ ಹೆಂಗ ಹೋಗ್ಲಿ? ಬಾಯಾಗಿಟಗೊಂಡು ಹೋಗ್ಲೇನು?"

ಮತ್ತೆ ಆಟೋ ಹಿಡಿದು ಬ್ರೂಸ್‌ಪೇಟೆಗೆ ಹೋಗಿ ಕಾರು ತಂದೆ. ಓಣಿಯ ಬಾಯಲ್ಲಿ ಹಾರ್ನು ಹೊಡೆದೆ. ಪಾದಗಳು ಕಂಡವು. ಸೀರೆಯ ಅಂಚು. ತುರುಬು. ಆ ಸಂಜೆ ದೀಪ ಆರಿಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಷ್ಟು ಮಾತ್ರ ನಾನು ಮಾಡಬಹುದಾಗಿತ್ತು.

ಚಕ್ರ ಬಂದ ದಿನ ಹೊಸಪೇಟೆಯವನು ಏಣಿ ಹತ್ತಿ ಅದನ್ನು ಕೂಡಿಸಿದ. ಚಿಗವ್ವ ಕೆಳಗೆ ನಿಂತು ಎಲ್ಲ ನೋಡಿದಳು. ಅವನೂ ಒಳ್ಳೆಯ ಮನುಷ್ಯ. "ಅಮ್ಮಾರೆ, ಗಿರಣಿ ಪಟ್ಟಾ ತಿರುಗ್ತಾನೇ ಇರತೈತ್ರಿ. ಇದು ನಿಂತು ನಿಂತು ಹೋಗೂದು. ನಿಂತಾಗ ಆರಾಮ ತಗೊಳ್ಳಾಕ ಸ್ವಲ್ಪ ಸಡ್ಲ ಬೇಕ್ರಿ" ಎಂದ. ಬೆಲ್ಟು ಎಷ್ಟು ಜೋತಾಡಬೇಕೆಂದು ಬೆರಳಿಟ್ಟು ತೋರಿಸಿದ.

"ನಾ ತಿರುಗಸ್ಲಿ?" ಎಂದು ಕೇಳಿದಳು ಚಿಗವ್ವ.

ಅವನು ಇಳಿದ. ಈಕೆ ಹತ್ತಿದಳು. ಪಾನಾ ಹಿಡಿದು ನಟ್ಟನ್ನು ಸಡಿಲಿಸಿದಳು. ಬೆಲ್ಟು ಇಳಿಯತೊಡಗಿದ ಕೂಡಲೇ ಆಕೆಯ ಕೈ ತಾನಾಗಿಯೇ ಹಿಂದಕ್ಕೆ ತಿರುಗಿ ಬಿಗಿ ಮಾಡಿತು. ಮತ್ತೆ ಸಡಿಲಿಸಿದಳು, ಮತ್ತೆ ಬಿಗಿಯಾಯಿತು. ಏಣಿಯ ಮೇಲೆಯೇ ನಕ್ಕಳು. ಪಾನಾವನ್ನು ಅವನಿಗೆ ಇಳಿಸಿ ಕೊಟ್ಟು, "ನನ್ನ ಕೈ ಒಪ್ಪವಲ್ದಪಾ. ನೀನ ಬಿಡು. ನಾ ಮುಖಾ ಆಚೆ ಮಾಡ್ತೀನಿ" ಎಂದಳು. ನಿಜವಾಗಿಯೂ ಗೋಡೆಯ ಕಡೆ ತಿರುಗಿ ನಿಂತಳು. ಬಾಗಿಲು ತಾನೇ ಏರಿ ತಾನೇ ಇಳಿದು, ಕೊನೆಗೊಮ್ಮೆ ಪಟಪಟ ಎಂದಾಗ ಮಾತ್ರ ಈ ಕಡೆ ನೋಡಿದಳು. "ಹಾಂ. ಮುಗೀತು" ಎಂದಳು. ಆ ಸಂಜೆಯೇ ಚೀಲ ಕಟ್ಟಿ ಕುರುಗೋಡಿನ ಬಸ್ಸು ಹತ್ತಿದಳು. ಬಸ್ಸಿನ ಕಿಟಕಿಯಿಂದ ತಲೆ ಎತ್ತಿಯೇ ನನ್ನನ್ನು ನೋಡಿದಳು. ನಾನೇ ಕಾಲಿನ ಚಪ್ಪಲಿ ನೋಡುತ್ತ ನಿಂತಿದ್ದೆ.

ಅದಾದ ಮೇಲೆ ಹಲವು ಸಲ ಬಂದಳು, ಹೋದಳು. ಬಾಗಿಲಿನ ಮಾತು ಬಂದರೆ ತಾನೇ ಮೊದಲು ನಗುತ್ತಿದ್ದಳು. ತಿಂದು ಮುಗಿಸಿದವಳಿಗೆ ಯಾವ ಸಂಕೋಚ? ಉಳಿದದ್ದು ನನ್ನ ತಾಟಿನಲ್ಲಿ. ಬಟನ್ ಒತ್ತಿದಾಗಲೆಲ್ಲ, ನೆಲ ಬಿಟ್ಟ ಬಾಗಿಲಿನ ಕೆಳಗೆ ನನಗೆ ಎರಡು ಪಾದ ಕಾಣುತ್ತಿದ್ದವು.

ಈ ವರ್ಷ ಒಂದು ಅಮಾವಾಸ್ಯೆಯ ಬೆಳಿಗ್ಗೆ ಚಿಗವ್ವ ತೀರಿಕೊಂಡಳೆಂದು ಫೋನು ಬಂತು. ಅಮಾವಾಸ್ಯೆಗೆ ಆಕೆ ಗಿರಣಿ ನಡೆಸುತ್ತಿರಲಿಲ್ಲ. ಯಾರ ಹಿಟ್ಟೂ ಅರ್ಧಕ್ಕೆ ನಿಲ್ಲದಂಥ ದಿನ ನೋಡಿಯೇ ಹೋದಳು ಎಂದು ಊರವರು ಅಂದರಂತೆ.

ಕುರುಗೋಡಿಗೆ ಹೊರಡಲೆಂದು ನಾನು ಶೆಡ್ಡಿಗೆ ಬಂದು ಕೆಂಪು ಹಗ್ಗ ಎಳೆದೆ.

"ಕರೆಂಟ್ ಐತಲ್ರೀ" ಎಂದಳು ನನ್ನ ಹೆಂಡತಿ, ಹಿಂದಿನಿಂದ.

ಸೊಂಟ ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಬಗ್ಗಿದೆ. ಬಾಗಿಲು ಒಂದು ಗೇಣು ಎದ್ದಾಗ ಆಚೆಯಿಂದ ಭಾಯ್ ಓಡಿ ಬಂದು, "ಬಿಡ್ರಿ ಸೇಠ್, ನಾ ಎತ್ತತೀನಿ" ಎಂದು ಕೈ ಹಾಕಿದವನು, ಬಗ್ಗಿ ನನ್ನ ಮುಖ ನೋಡಿ ಕೈ ತೆಗೆದ. ಓಣಿಯವರು ನಿಂತು ನೋಡುತ್ತಿದ್ದರು. ನೋಡಲಿ ಅನಿಸಿತು. ಆ ಹಿಡಿಕೆ ನೆಲಕ್ಕೆ ಅಷ್ಟು ಹತ್ತಿರ ಇದೆ ಎಂದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ.